ಎಣಿಸಾಕ ಬಂದಾಕಿ

ಬಾಗಲಕೋಟಿ ನವನಗರ, ಮುಂಜಾನೆ ಎಂಟೂವರಿ.
ಕೊರಳಾಗ ಗುರುತಿನ ಚೀಟಿ, ಕೈಯಾಗ ಸುಣ್ಣದ ಕಡ್ಡಿ.
ಸಾಲಿ ಹಲಗಿ ಬಿಟ್ಟು ಮಂದಿ ಬಾಗಿಲಕ್ಕ
ನಂಬರ್ ಬರಿಯೋ ಕೆಲಸ ಬಂದೈತಿ ನನಗ.

ಗ್ವಾಡಿ ಎದರದು? ಇಟ್ಟಂಗಿ.
ಮಾಳಿಗಿ? ಸ್ಲ್ಯಾಬು.
ಸ್ವಂತದ್ದೋ, ಬಾಡಿಗಿಯೋ?
"ಬಾಡಿಗಿ ರೀ. ಆರೂವರಿ ಇತ್ತು, ಯುಗಾದಿಗೆ ಎಂಟಾತು.
ನಳ ಮಾತ್ರ ವಾರಕ್ಕ ಎರಡ ಸಲ. ಅದನ್ನೂ ಬರಕೋರಿ."
ಅದಕ್ಕ ಇಲ್ಲಿ ಜಾಗಾ ಇಲ್ಲವ್ವ.

ಮ್ಯಾಲಿನ ಮಜಲಿನ್ಯಾಗ ಮೆಡಿಕಲ್ ಹುಡುಗೂರು ಐದು,
ತಲಿಗೆ ನಾಕು ಸಾವಿರ.
ಮಾಲಕರು ಬೆರಳ ಮಡಚಿ ತೋರಿಸಿದರು:
"ಸಂಸಾರಸ್ಥರಿಗೆ ಕೊಟ್ಟರ ಹನ್ನೆರಡೂ ಹುಟ್ಟೂದಿಲ್ಲ ಟೀಚರ್,
ಮ್ಯಾಲೆ ಉಪ್ಪಿನಕಾಯಿ ಭರಣಿ ಬಿಸಿಲಿಗಿಡಾಕ ಜಗಳ."

ಹಿತ್ತಲ ಖೋಲಿಯೊಳಗ ಯಮನವ್ವ.
ಕೆಳಗ ಊರಾಗಿದ್ದ ಮನಿ ಹಿನ್ನೀರು ನುಂಗಿದ್ದಕ್ಕ
ಸಿಕ್ಕ ಪ್ಲಾಟು ಇದ.
ಮಗಳ ಲಗ್ನಕ್ಕ ಮಾರಿದಳು,
ಕೊಂಡವರು ಎರಡಂತಸ್ತು ಎತ್ತಿದರು,
ಸಂಡಾಸದ ಬಾಜೂಕ ಒಂದು ಖೋಲಿ ಇವಳಿಗೆ,
ತಿಂಗಳಿಗೆ ಎರಡು ಸಾವಿರ.
"ಮೊದಲ ಸ್ವಂತದ್ದು. ಆಮ್ಯಾಲೆ ನೀರಿಂದು.
ಆಮ್ಯಾಲೆ ಮತ್ತ ಸ್ವಂತದ್ದು. ಈಗ ಬಾಡಿಗಿ.
ಯಾವುದಕ್ಕ ಗೀಟು ಹಾಕ್ತಿ ಹಾಕು, ತಂಗಿ."
ಹಾಕಿದೆ. ಗೀಟು ಸೊಟ್ಟಾತು.

ಮೂರನೇ ಕ್ರಾಸಿನ ಮನಿಯಾಗ
ಖುರ್ಚಿ ಒರಿಸಿ ಕುಂದರಿಸಿದರು, ಏಲಕ್ಕಿ ಚಹಾ.
ಕೊಳಾಯಿ, ಫ್ರಿಜ್ಜು, ಸ್ಕೂಟರು, ಕಾರು,
ಎಲ್ಲಾ ಖುಷಿಲೇ ಹೇಳಿದರು.
ಹೊಂಡುವಾಗ ಗೇಟಿನ ಬೋರ್ಡ್ ಕಂಡಿತು:
ಮನೆ ಬಾಡಿಗೆಗಿದೆ.
ಫೈಲು ಬಗಲಾಗಿಟ್ಟು ಸುಮ್ಮ ಕೇಳಿದೆ,
"ನನಗ ಬೇಕಿತ್ತು ರೀ."

ಆವಾಗ ಅವರು ಎಣಿಸಾಕ ಹತ್ತಿದರು.
ಎಷ್ಟು ಮಂದಿ? ನಾನು, ಅವ್ವ, ತಮ್ಮ.
ಗಂಡ? ಇಲ್ಲ.
ಹೆಸರು?
ಗುರುತಿನ ಚೀಟಿ ಗಾಳಿಗೆ ತಿರುವಿ ಬಿದ್ದಿತ್ತು,
ನಾನ ಹೇಳಿದೆ: ದಿಲಶಾದ ನದಾಫ.

ನನ್ನ ಫಾರ್ಮಿನಾಗ ಪ್ರಶ್ನೆ ಮೂವತ್ತರ ಮ್ಯಾಲೆ.
ಅವರಿಗೆ ಮೂರು ಸಾಕಾದವು.
"ಅಯ್ಯ, ನಿನ್ನೆನ ಮಾತಾಗೇತಿ ನೋಡ್ರಿ,
ಬೋರ್ಡ್ ತಗಿಯೂದು ಮರತೇವಿ."
ಚಹಾದ ಏಲಕ್ಕಿ ಇನ್ನೂ ಹಲ್ಲಿನ ಸಂದ್ಯಾಗಿತ್ತು.

ಸಂಜಿಮಟ ಬೀಗ ಹಾಕಿದ ಮನಿ ಹನ್ನೊಂದು ಸಿಕ್ಕವು.
ಒಂದರ ಮಾಲಕ ಪುಣೇದಾಗ, ಒಂದರದು ಕೋರ್ಟಿನ್ಯಾಗ,
ಉಳಿದವು ಯಾರವಂತ ಬಾಜೂದವರಿಗೂ ಗೊತ್ತಿಲ್ಲ.
ಹೊಸ್ತಿಲಾಗ ಹುಲ್ಲು, ಕಿಡಕಿಯಾಗ ಪಾರಿವಾಳ.
ಒಂದೊಂದಕ್ಕೂ ನಂಬರ್ ಬರದು
ಮುಂದ 'ಖಾಲಿ' ಅಂತ ತುಂಬಿದೆ.
ನನ್ನ ಅಕ್ಷರ ದುಂಡಗ, ಹೆಡ್‌ಮಾಸ್ತರು ಹೊಗಳತಿರತಾರ.

ಮನಿಗೆ ಬಂದರ ಅವ್ವ ಗಾದಿ ಸುತ್ತಿ
ಹುರಿ ಬಿಗಿಯಾಕ ಹತ್ತಿದ್ದಳು.
ಅರಳಿ ಹಿಂಜಿದ ಕೈ, ಗಂಟು ಭಾಳ ಗಟ್ಟಿ.
"ನಮ್ಮನ್ನ ಎಣಿಸಾಕ ಯಾರ ಬರ್ತಾರ?"
ನಮ್ಮ ಓಣಿ ಕಟಗೇರಿ ಮಾಸ್ತರಿಗೆ ಬಂದೇತಿ,
ಮುಂದಿನ ವಾರ ಅಂದಾರ.
ಒಂದನೇ ತಾರೀಖಿನೊಳಗ ಬಂದರ ಛಲೋ ಆತು.