ಕುಂಡದ ಗುರುತು

ಹಗ್ಗಕ್ಕ ಜೋತು ಬಿದ್ದು ಜಾಳಿ ಕಟ್ಟಾಂವ ನಾ,
ಪಾರಿವಾಳ ಒಳಗ ಬರಬಾರದಂತ ಕರೀತಾರ.
ಭಾಂಡುಪದಾಗ ಇಪ್ಪತ್ನಾಕು ಅಂತಸ್ತಿನ ಬಿ ವಿಂಗ್.
ಒಳಗಿನವರಿಗೆ ಅವರವರ ಮನಿ ಗೊತ್ತು,
ನನಗ ಎಲ್ಲಾರ ಮನಿ ಬೆನ್ನು ಗೊತ್ತು.

ಛಜ್ಜಾದ ಮ್ಯಾಲ ಏನೇನ ಬಿದ್ದಿರತೈತಿ ಅಂತೀರಿ:
ಒಂದ ಕಾಲಿನ ಸಾಕ್ಸು, ಹಲ್ಲು ಮುರದ ಬಾಚಣಿಕಿ,
ಮಳಿಗೆ ಉಬ್ಬಿದ ಎರಡನೇ ಇಯತ್ತೆಯ ಪುಸ್ತಕ,
ಕ್ಲಿಪ್ಪು, ಕ್ಲಿಪ್ಪು, ಮತ್ತ ಕ್ಲಿಪ್ಪು.
ಹನ್ನೊಂದನೇ ಮಹಡಿಯಾಗ ಒಮ್ಮೆ ಉಂಗುರ ಸಿಕ್ಕಿತ್ತು,
ಕೊಟ್ಟಾಗ ಆಕಿ ಅತ್ತಳು,
ಆಕಿ ಗಂಡ ನನ್ನ ಕಿಸೆ ನೋಡಿದ.
ಛಜ್ಜಾ ತಡದದ್ದು ಇಷ್ಟು.
ತಡೀಲಾರದ್ದರ ಲೆಕ್ಕ
ಕೆಳಗ ಇಸ್ತ್ರಿ ಟೇಬಲ್ಲಿನ ಬೇಚನ್ ಕನೌಜಿಯಾಗ ಕೇಳ್ರಿ.

ಹೋದ ಮಂಗಳವಾರ ಆಂವ ಬಗ್ಗಿ ಇದ್ದಲಿ ಊದತಿದ್ದ.
ಬಗ್ಗದಿದ್ರ
ನಾ ಈ ಮಾತು ಬ್ಯಾರೆ ನಮೂನಿ ಹೇಳತಿದ್ದೆ.
ಟೇಬಲ್ಲಿನ ತುಂಬ ಮಣ್ಣು, ಸಿಮೆಂಟಿನ ಚೂರು,
ಒಂದು ಅಡೇನಿಯಂ ಗಿಡ, ಅದೂ ಹೂ ಬಿಟ್ಟಿದ್ದು.
ಯಾರದೋ ಬಿಳಿ ಅಂಗಿ ಮ್ಯಾಲ ಒಂದು ಎರೆಹುಳ
ತನಗೇನೂ ಗೊತ್ತಿಲ್ಲದಂಗ ಹರೀತಿತ್ತು.

ಸಂಜೀಕ ಮೀಟಿಂಗ್ ಆತು. ಸೆಕ್ರೆಟರಿ ಪಾಧ್ಯೆ ಬಾಯಿ ಓದಿದ್ಲು:
ಕಟ್ಟಿ ಮ್ಯಾಲ ಕುಂಡ ಇಡಬ್ಯಾಡ್ರಿ, ಹಾಸಗಿ ಒಣಹಾಕಬ್ಯಾಡ್ರಿ,
ಎ.ಸಿ. ಕುಂತ ಕಂಬಿ ವರ್ಷಕ್ಕೊಮ್ಮೆ ತೋರಿಸ್ರಿ.
ತೊಂಬತ್ತಾರು ಮನಿ. ಎಲ್ಲಾರೂ ಮ್ಯಾಲ ನೋಡಿದ್ರು.
ನಂದಲ್ಲ, ನಂದಲ್ಲ.
ಗಾಳಿದು ಅಂದ್ರು, ಪಾರಿವಾಳದ್ದು ಅಂದ್ರು.
ಗಾಳಿಗೆ ಫ್ಲ್ಯಾಟ್ ನಂಬರ್ ಇರೂದಿಲ್ಲ.

ಗುರುವಾರ ನನ್ನ ಇಳಿಬಿಟ್ರು.
ನನ್ನ ಪಾನಾಕ್ಕ ಒಂದು ದಾರ, ದಾರ ನನ್ನ ಮಣಿಕಟ್ಟಿಗೆ.
ಪಕ್ಕಡ, ಸುತ್ತಿಗಿ, ಕತ್ತರಿ, ಎಲ್ಲಕ್ಕೂ ದಾರ.
ಉಸ್ತಾದ ಮೌಲಾಸಾಬ ಕಲಿಸಿದ್ದು:
"ಮೊದಲ ಸಾಮಾನ ಕಟ್ಟು, ಆಮ್ಯಾಲ ನಿನ್ನ ಕಟ್ಕೋ.
ನೀ ಬಿದ್ರ ನೀ ಒಬ್ಬ.
ಪಾನಾ ಬಿದ್ರ ಯಾರಂತ ಗೊತ್ತಿಲ್ಲ."

ಹದಿನೇಳನೇ ಮಹಡಿ. ಕಟ್ಟಿ ಮ್ಯಾಲ ನಾಕು ಕುಂಡ,
ನಡುವ ಒಂದು ಖಾಲಿ ಜಾಗಾ.
ಜಾಗಾದಾಗ ಗುಂಡಗ ಒಂದು ಗುರುತು,
ಬಹಳ ದಿನದ ನೀರು ಬರದದ್ದು, ಬಿಳಿ ಉಪ್ಪಿನ ಅಂಚು,
ಬಿಸಿ ಬೋಗೋಣಿ ಇಟ್ಟ ಚಾಪಿಯ ಕಲಿಯಂಗ.

ಕಿಡಕಿ ಒಳಗ ಒಬ್ಬಾಕಿ ನಿಂತಿದ್ಲು.
ನನ್ನ ನೋಡಿದ್ಲು. ನಾ ಗುರುತು ನೋಡೂದ ನೋಡಿದ್ಲು.
ಒಳಗ ಹೋಗಿ ಒಂದು ಸ್ಟೀಲ್ ಡಬ್ಬಿ ತಂದು
ಸರಿಯಾಗಿ ಅದರ ಮ್ಯಾಲ ಇಟ್ಲು.

ಡಬ್ಬಿ! ಕಟ್ಟಿ ಮ್ಯಾಲ! ಆ ಗಾಳಿಯಾಗ!
ನಗು ಬಂತು ನನಗ.
ಹದಿನೇಳನೇ ಮಹಡಿಯಾಗ ನಗಬಾರದು, ಹಗ್ಗ ಅಳ್ಳಾಡತೈತಿ.

"ತಾಯಿ, ಆತ ಘ್ಯಾ" ಅಂದೆ. ಒಳಗ ತಗೋರಿ.
ಡಬ್ಬಿ ಹೋತು. ಒಂದನೇ ಕುಂಡ. ಎರಡನೇದು.
ಮೂರನೇದ ಎತ್ತುವಾಗ ಆಕಿ ಕೈ ನಡುಗತಿದ್ವು,
ನಾ ಹೊರಗಿನಿಂದ ತಳಕ್ಕ ಅಂಗೈ ಕೊಟ್ಟೆ.
ಒಂದ ಗಳಿಗಿ ಆ ಕುಂಡ ಇಬ್ಬರದೂ ಆಗಿತ್ತು.
ಕಡೀದು ಒಳಗ ಹೋದಮ್ಯಾಲ ಕೇಳಿದ್ಲು,
ಗಿಡದ ಸುದ್ದಿ ಅಲ್ಲ:
"ಆ ಇಸ್ತ್ರಿ ಮಾಡಾಂವ ಆರಾಮ ಅದಾನಿಲ್ಲೋ?"
ಟೇಬಲ್ಲು ಎರಡು ಮೊಳ ಒಳಗ ಸರಿಸ್ಯಾನ, ಅಂದೆ. ಅಷ್ಟ.

ಕೆಳಗ ಇಳದಾಗ ಪಾಧ್ಯೆ ಬಾಯಿ ಪೆನ್ನು ತಗದು ಕುಂತಿದ್ಲು.
ಎಂಟನೇ ಮಹಡಿ, ಎ.ಸಿ. ಕಂಬಿ ತುಕ್ಕು, ಎರಡು ನಟ್ಟಿಲ್ಲ.
ಇಪ್ಪತ್ತೊಂದು, ಕಿಡಕಿ ಗಾಜು ಸಡಲೈತಿ, ಇವತ್ತ ನೋಡ್ರಿ.
ಹದಿನೇಳು?
ಕಟ್ಟಿ ಖಾಲಿ ಐತಿ, ಅಂದೆ.
ಸುಳ್ಳಲ್ಲ. ಖರೇನೂ ಪೂರಾ ಅಲ್ಲ.
ರಾತ್ರಿ ಮಲಗಿದಾಗ ಅದು ಅಳ್ಳಾಡತೈತಿ.

ಬೇಚನ್ ಆ ಗಿಡ ಎಣ್ಣಿ ಡಬ್ಬಿಯಾಗ ಹಚ್ಚ್ಯಾನ.
ನೆಲದ ಮ್ಯಾಲ ಇಟ್ಟಾನ, ಅಲ್ಲಿಂದ ಕೆಳಗ ಬೀಳಾಕ ಜಾಗಾನ ಇಲ್ಲ.
ಆದರೂ ನನ್ನ ಹತ್ರ ಒಂದ ಮಾರು ದಾರ ಇಸಗೊಂಡು
ಡಬ್ಬಿ ಟೇಬಲ್ಲಿನ ಕಾಲಿಗೆ ಕಟ್ಟ್ಯಾನ.
ಇದ್ದಲಿ ಊದಾಕ ಬಗ್ಗೂಕಿಂತ ಮೊದಲ ಈಗ
ಒಮ್ಮೆ ಮ್ಯಾಲ ನೋಡತಾನ.
ನಾ ಅಲ್ಲೇ ಜೋತುಬಿದ್ದಿರತೇನಿ.
ಮಣಿಕಟ್ಟು ಎತ್ತಿ ದಾರ ತೋರಸ್ತೇನಿ.