ಐನೂರು ಶಬ್ದದಾಗ

ಐನೂರು ಶಬ್ದದಾಗ ಬರೀರಿ ಅಂತ ಅದ ಅರ್ಜಿಯೊಳಗ,
ನೀವು ಫಾರ್ಮಸಿ ಯಾಕ ಆರಿಸಿದಿರಿ. ಇಂಗ್ಲಿಷಿನಾಗ.
ರಾತ್ರಿ ಒಂಬತ್ತಾಗೇದ. ಉಮದಿಯ ಮುಜಾವರ ಮೆಡಿಕಲ್ಲಿನಾಗ
ಶಟರ್ ಅರ್ಧ ಇಳಿಸಿ, ಫ್ರಿಜ್ಜಿನ ಗುಂಯ್ ಅನ್ನೂ ಸಪ್ಪಳಕ್ಕ
ಕಿವಿ ಕೊಟ್ಟು ಕುಂತೀನಿ. ಬಿಲ್ ಬುಕ್ಕಿನ ಹಿಂದ ಬರದದ್ದು ಇಷ್ಟ:
‘ಸಣ್ಣಾಕಿ ಇದ್ದಾಗಿಂದ ನನಗ ಸೇವಾ ಮಾಡೂ ಹಂಬಲ.’
ಹೊಡದು ಹಾಕಿದೆ. ಸಣ್ಣಾಕಿ ಇದ್ದಾಗ ನನಗ
ಬಸ್ ಕಂಡಕ್ಟರ್ ಆಗೂ ಹಂಬಲ ಇತ್ತು,
ಆ ಚಿಲ್ಲರೆ ಚೀಲದ ಸಲುವಾಗಿ.

ಫಾರ್ಮ್ ತುಂಬಿಕೊಡೂ ಧರೆಪ್ಪ ಕೇಳಿದ:
‘ಔಷಧ ಸಿಗದ ಮನ್ಯಾಗ ಯಾರರೆ ಸತ್ತಾರೇನು?
ಅದನ್ನ ಮೊದಲ ಹಾಕು, ಸೀಟು ಗ್ಯಾರಂಟಿ.’
ಯಾರೂ ಸತ್ತಿಲ್ಲ. ಅಜ್ಜಿಗೆ ಎಂಬತ್ತೊಂದು,
ನನಗಿಂತ ಜೋರ ಜಗಳಾಡತಾಳ.

ಹೇಳಬೇಕಂದ್ರ ನೀಲವ್ವನ ಮಾತು ಹೇಳಬೇಕು.
ಗಡಿ ಆಚೆ ಚಡಚಣದ ಕಡೆಯಾಕಿ, ಮಗಳ ಮನಿಗೆ ಬಂದಾಕಿ.
ಕಾಲಾಗ ಹುಣ್ಣು. ಜತ್ತಿನ ಡಾಕ್ಟರು ಚೀಟಿ ಬರದು
‘ತೀನ್ ವೇಳಾ’ ಅಂದ್ರಂತ, ಮರಾಠಿಯಾಗ. ಮೂರು ಸಲ.
ಆಕಿ ಕಿವಿಗೆ ಬಿದ್ದದ್ದು ‘ತಿನ್ನೂ ವ್ಯಾಳ್ಯಾ’.
ತಿನ್ನೂ ವ್ಯಾಳ್ಯಾಕ್ಕ ಒಂದು ಗುಳಿಗಿ, ಆತಲ್ಲ, ಅದರಾಗೇನದ?
ಹತ್ತು ದಿನಕ್ಕ ಬಂದಳು. ಹುಣ್ಣಿನಾಗ ಕೀವು ತುಂಬೇದ.
ಎಣಿಸಿದೆ. ಮೂವತ್ತರಾಗ ಇಪ್ಪತ್ತು ಉಳದಾವ.
‘ಯಾಕವ್ವಾ?’ ಅಂದೆ.
‘ತಿನ್ನೂದ ಒಂದ ಹೊತ್ತು, ತಂಗಿ. ಮಗಳ ಮನಿ ಅಲ್ಲೇನು?’

ಇದನ್ನ ಇಂಗ್ಲಿಷಿಗೆ ಹೆಂಗ ತರಲಿ?
ಥ್ರೀ ಟೈಮ್ಸ್ ಅಂತ ಬರದೆ. ಥ್ರೀ ಟೈಮ್ಸಿನಾಗ ರೊಟ್ಟಿ ಇಲ್ಲ,
ಅಳಿಯನ ಮಾರಿ ಇಲ್ಲ,
ತಾಟು ಸರಿಸಿ ‘ಸಾಕು’ ಅಂದದ್ದಿಲ್ಲ.

ಅವತ್ತಿಂದ ಪಾಕೀಟಿನ ಮ್ಯಾಲ ಚಿತ್ರ ತಗೀತೀನಿ:
ಮೂಡೂ ಹೊತ್ತು, ನೆತ್ತಿ ಹೊತ್ತು, ಚಂದ್ರ.
ಒಬ್ಬ ಮುದುಕ ಅಮಾಸಿ ದಿನ ರಾತ್ರಿ ಗುಳಿಗಿ ಬಿಟ್ಟ.
ಈಗ ಚಂದ್ರನ ಬದಲಿ ಹಾಸಿಗಿ ತಗೀತೀನಿ.

ಇನ್ನೊಂದದ, ಬರೀಲೋ ಬ್ಯಾಡೋ.
ಪಟ್ಟಿ ಕತ್ತರಿಸುವಾಗ ತಾರೀಖು ಇರೂ ತುಂಡು ಅಂಗಡಿಗೆ,
ತಾರೀಖಿಲ್ಲದ ನಾಕು ಗುಳಿಗಿ ಬಂದವರಿಗೆ.
ಬಂದೇನವಾಜ ಮಾಮಾ ಕಲಿಸಿದ್ದು. ಎರಡು ವರ್ಷ ಹಂಗ ಕತ್ತರಿಸೀನಿ,
ಕತ್ತರಿ ಹಿಡಿದ ಬೊಟ್ಟಿಗೆ ಒಂದಿನಾನೂ ನಾಚಿಕಿ ಬರಲಿಲ್ಲ.
ನೀಲವ್ವನ ಹೊಸಾ ಪಾಕೀಟಿನ ಮ್ಯಾಲ ಮೊದಲ ಸಲ
ತಾರೀಖು ಬರದೆ, ಕನ್ನಡ ಅಂಕಿಯಾಗ.
ಆಕಿಗೆ ಓದಾಕ ಬರೂದಿಲ್ಲ. ಆದ್ರೂ ಬರದೆ.
ಮಾಮಾ ನೋಡಿದ, ಏನೂ ಅನಲಿಲ್ಲ,
ಲೈಟ್ ಬಿಲ್ ಎಷ್ಟು ಬಂತು ಅಂತ ಕೇಳಿದ.

ಎಣಿಸಿದೆ: ಇನ್ನೂರಾ ಹನ್ನೊಂದು ಶಬ್ದ,
ಅದರಾಗ ಹೊಡದು ಹಾಕಿದ್ದ ಅರ್ಧ.
ಶಟರಿನ ಕೆಳಗ ಎರಡು ಚಪ್ಪಲಿ ಬಂದು ನಿಂತಾವ,
ಒಂದರ ಉಂಗುಟ ಹರದದ.
‘ಮುಚ್ಚೀರೇನ್ರಿ? ಕೂಸಿಗೆ ಜ್ವರ.’
ಪೆನ್ನಿಗೆ ಟೊಪ್ಪಿಗಿ ಹಾಕದನ ಎದ್ದೆ.