ಬಲಬಾಣ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಹಿಂದೆ
ನನ್ನ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್ ಬುಕ್ಕು,
ತಿಥಿ ಕಾರ್ಡು. ಈ ತಿಂಗಳು ಮಾತ್ರ ಥಾಯ್.

ಮುನಿವೀರಾಚಾರಿಯ ವರ್ಕ್‌ಶಾಪಿನಿಂದ
ನೂಲು ತೆಗೆಯುವ ಎರಡು ಮಿಷನ್ನು ಕೋರಾಟಿಗೆ ಹೊರಟಿವೆ,
ಜೊತೆಗೊಂದು ಕೈಪಿಡಿ, ನಲವತ್ತು ಪುಟ.
ಅಲ್ಲಿಂದ ಉರೈವನ್ ಎಂಬಾಕೆ ತಿದ್ದುಪಡಿ ಕಳಿಸುತ್ತಾಳೆ:
ಏಳನೇ ಪುಟ, ಮೂರನೇ ಸಾಲು, ಐದನೇ ಪದ.

ಐದನೇ ಪದ ಎಲ್ಲಿದೆ ತಾಯಿ?
ಸಾಲಿಗೆ ಸಾಲೇ ಒಂದು ಪದ.
ಕಂಟ್ರೋಲ್ ಹಿಡಿದು ಬಲಬಾಣ ಒತ್ತಿದರೆ ಕರ್ಸರ್ರು
ಕೈ ಅಡ್ಡ ಹಾಕಿದರೂ ನಿಲ್ಲದ ಬಸ್ಸು,
ವಿಜಯಪುರ ದಾಟಿ ದೇವನಹಳ್ಳಿಗೇ ಹೋಗಿ ನಿಲ್ಲುತ್ತದೆ.
ಬರೀ ಬಾಣ ಒತ್ತಿದರೆ ಒಂದೊಂದೇ ಅಕ್ಷರ,
ಕೊಂಬು ಕೊಂಬಿಗೂ ಎಡವುತ್ತ.

ಪಕ್ಕದ ಓಣಿಯ ಖುರ್ಷಿದಾ ಬಂದಳು,
ಅವಳಿಗಿಂತ ಮೊದಲು ಹುಳುವಿನ ವಾಸನೆ.
ಬೆಂದ ಗೂಡಿಗೂ ತುದಿ ಕಾಣಲ್ಲ ಕಣೇ, ಅಂದಳು,
ಕಣ್ಣಲ್ಲಿ ಹುಡುಕಬೇಡ. ಕಡ್ಡೀಲಿ ಸವರು, ಬರುತ್ತೆ.

ಎಡಿಟರಿನ ಸೆಟ್ಟಿಂಗಿನೊಳಗೆ ಇಳಿದು
ಥಾಯ್ ನಿಘಂಟೊಂದನ್ನು ಕಟ್ಟಿದೆ.
ಮುಂದಿನ ಪದಕ್ಕೆ ಆಲ್ಟ್ ಮತ್ತು ಜೆ,
ಹಿಂದಿನದಕ್ಕೆ ಆಲ್ಟ್ ಮತ್ತು ಎಫ್.
ಆ ಎರಡು ಕೀಲಿಗೆ ಪುಟ್ಟ ಉಬ್ಬುಗೆರೆ ಇದೆ,
ಕರೆಂಟು ಹೋಗಿ ಯುಪಿಎಸ್ಸು ಕೂಗುವಾಗಲೂ ಬೆರಳಿಗೆ ಗೊತ್ತು.
ಒತ್ತಿದೆ. ನಿಂತಿತು.
ಮತ್ತೆ ಒತ್ತಿದೆ. ನಿಂತಿತು!
ಓದಲಾರದ ಭಾಷೆಯಲ್ಲಿ ಮೆಟ್ಟಿಲೆಣಿಸುತ್ತ ನಡೆದೆ.

ಒಂದು ಕಡೆ ತಪ್ಪಿತು. ಉರೈವನ್ ನಕ್ಕು ಬರೆದಳು:
ಅದು ತಾಕ್, ಲೊಮ್. ನೂಲನ್ನು ಗಾಳಿಗೊಡ್ಡು.
ಸಾಲಿನ ಕೊನೆಯಲ್ಲಿ ನೀನು ಮುರಿದದ್ದು ತಾ, ಕ್ಲೊಮ್.
ಗುಂಡುಗಣ್ಣು.
ಅದೇ ಅಕ್ಷರಗಳು, ನಿಲ್ಲುವ ಜಾಗ ಬೇರೆ.

ನನಗೇಕೆ ಹೊಳೆದಿರಲಿಲ್ಲ!
ನಮ್ಮ ಮಾರುಕಟ್ಟೆಯಲ್ಲಿ ಒಂದು ಬೆಲೆ
ತೆಲುಗಿನಲ್ಲಿ ಎದ್ದು, ಉರ್ದುವಿನಲ್ಲಿ ಚೌಕಾಸಿಯಾಗಿ,
ಕನ್ನಡದ ಚೀಟಿಯಾಗಿ ಜೇಬು ಸೇರುತ್ತದೆ,
ನಡುವೆ ಒಂದು ಸ್ಪೇಸೂ ಇಲ್ಲದೆ.
ಕೆರೆ ಏರಿಯ ಶಾಸನದ ಕಲ್ಲಿನಲ್ಲೂ
ಅಕ್ಷರಗಳು ಉಸಿರು ಬಿಡದೆ ಒತ್ತಿಕೊಂಡು ನಿಂತಿವೆ,
ಅದರ ಮೇಲೆ ಯಾರೋ ಬಟ್ಟೆ ಒಗೆಯುತ್ತಾರೆ.

ಕೈಪಿಡಿ ಹೋಯಿತು. ದುಡ್ಡು ಅರ್ಧ ಬಂತು.
ಶಾರ್ಟ್‌ಕಟ್ಟು ಮಾತ್ರ ತೆಗೆದಿಲ್ಲ.
ವಧುವರರ ಹೆಸರಿನ ನಡುವೆ ಬೆರಳು ತಾನಾಗಿ
ಆಲ್ಟ್ ಜೆ ಹುಡುಕುತ್ತದೆ.

ಇವತ್ತು ಗಿರಾಕಿಯಿಲ್ಲದ ಮಧ್ಯಾಹ್ನ ಸುಮ್ಮನೆ ಟೈಪಿಸಿದೆ:
ಅವಳಲ್ಲಿ.
ಅವಳು ಅಲ್ಲಿ, ಕೋರಾಟಿನಲ್ಲಿ ಅಂತಲೋ,
ಅವಳ ಒಳಗೆ ಅಂತಲೋ.
ಒತ್ತಿದೆ. ಕರ್ಸರ್ರು ಪದದ ಕೊನೆಗೆ ಹೋಗಿ
ಮಿಟುಕುತ್ತ ಕೂತಿತು,
ಗುಂಡುಗಣ್ಣು ಬಿಟ್ಟುಕೊಂಡು.